ಮೂಲೆ ಕೋಣೆಯ ಮೇಲಿನ ಮಣ್ಣು

ಊರಿನ ಹೆಸರು ಬೇಡ. ಹೆಸರು ಹೇಳಿದರೆ ಜನ ನಡೆದದ್ದನ್ನು ಬಿಟ್ಟು ಊರನ್ನು ಹಿಡಿದುಕೊಳ್ಳುತ್ತಾರೆ. ಇರಕಲ್ಲಗಡ ಹೋಬಳಿಯ ಒಂದು ದೊಡ್ಡ ಹಳ್ಳಿ ಎಂದುಕೊಂಡರೆ ಸಾಕು. ಊರ ಹೊರಗೆ, ಕಲ್ಲುಗುಡ್ಡದ ಬುಡದಲ್ಲಿ, ದನ ಕೂಡ ಮೇಯದ ಗೋಮಾಳದಲ್ಲಿ ಒಂದು ಸರಕಾರಿ ಪದವಿ ಕಾಲೇಜು. ಆ ಕಾಲೇಜಿನ ಸಿಪಾಯಿ ಕನಕಪ್ಪ. ಇದು ಅವನ ಕಥೆ, ಅವನು ಒಳ್ಳೆಯ ಮನಸ್ಸಿನಿಂದ ಮಾಡಿದ ಒಂದು ಕೆಲಸದ ಕಥೆ. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಯಾರಾದರೂ ಬಂದು ತಡೆಯುತ್ತಿದ್ದರೇನೋ.

ಕನಕಪ್ಪ ಓದಿದವನಲ್ಲ. ಸಾಲಿ ಬಿಟ್ಟು ಅಪ್ಪನ ಹಿಂದೆ ಬುಟ್ಟಿ ಹೊತ್ತವನು. ಅವನ ಅಪ್ಪ ಊರಿನ ಮಾಳಿಗೆಗಳನ್ನು ನೋಡಿಕೊಳ್ಳುತ್ತಿದ್ದ. ಆ ಸೀಮೆಯ ಹಳೆಯ ಮನೆಗಳಿಗೆ ಹೆಂಚಿಲ್ಲ, ಕಟ್ಟಿಗೆಯ ತೊಲೆಗಳ ಮೇಲೆ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಹಳ್ಳದ ದಂಡೆಯಿಂದ ಸವಳು ಮಣ್ಣು, ಅಂದರೆ ಉಪ್ಪಿನ ಅಂಶದ ಬಿಳಿ ಮಣ್ಣು, ತಂದು ಮಾಳಿಗೆಯ ಮೇಲೆ ಹರವಿ ತುಳಿದು ಬಿಗಿ ಮಾಡಬೇಕು. ಹಾಗೆ ಮಾಡಿದರೆ ಎಂಥ ಮಳೆಗೂ ಒಂದು ಹನಿ ಒಳಗೆ ಇಳಿಯುವುದಿಲ್ಲ. ಇದನ್ನು ಕನಕಪ್ಪ ಯಾರಿಂದಲೂ ಕೇಳಿ ತಿಳಿದದ್ದಲ್ಲ, ಅವನ ಅಂಗಾಲಿಗೇ ಗೊತ್ತಿದ್ದ ವಿದ್ಯೆ. ಕಾಲೇಜು ಕಟ್ಟುವಾಗ ಕಾಂಕ್ರೀಟಿನ ಬುಟ್ಟಿ ಹೊತ್ತ, ಕಟ್ಟಿ ಮುಗಿದ ಮೇಲೆ ಕಾವಲಿಗೆ ಉಳಿದ, ಆಮೇಲೆ ಹೊರಗುತ್ತಿಗೆಯ ಮೇಲೆ ಸಿಪಾಯಿಯಾದ. ಖಾಕಿ ಅಂಗಿ ಹಾಕಿಕೊಂಡ ದಿನ ತಾಯಿ ಮುದುಕವ್ವ ಅವನ ಮುಖ ನೀವಿ ಲಟಿಕೆ ಮುರಿದಳು.

ಕಾಲೇಜು ಹೇಗಿತ್ತು ಎಂದು ಹೇಳಬೇಕು, ಇಲ್ಲದಿದ್ದರೆ ಅವನಿಗೆ ಅದರ ಮೇಲೆ ಇದ್ದ ಜೀವ ಅರ್ಥವಾಗುವುದಿಲ್ಲ. ಬೆಳಿಗ್ಗೆ ಕೊಪ್ಪಳದ ಬಸ್ಸು ಬಂದು ನಿಂತಾಗ ಅದರೊಳಗಿಂದ ಹುಡುಗಿಯರು ಇಳಿಯುತ್ತಲೇ ಇರುತ್ತಿದ್ದರು. ಬಸ್ಸು ಪುಕ್ಕಟೆಯಾದ ಮೇಲೆ ಸುತ್ತಲಿನ ಹಳ್ಳಿಗಳ ತಂದೆ ತಾಯಿಗೆ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಲು ಒಂದು ನೆಪ ಕಡಿಮೆಯಾಗಿತ್ತು. ಹುಡುಗರಲ್ಲಿ ಅರ್ಧ ಜನ ಗಿಣಿಗೇರಾದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು, ಹಿಂದಿನ ಬೆಂಚಿನಲ್ಲಿ ತಲೆ ಇಟ್ಟು ನಿದ್ದೆ ಹೊಡೆಯುವವರು. ಅವರ ಕಾಲರಿನ ಕಪ್ಪು ಧೂಳು ನೋಡಿ ಮಾಸ್ತರರು ಎಬ್ಬಿಸುತ್ತಿರಲಿಲ್ಲ. ಗ್ರಂಥಾಲಯದ ಕಪಾಟಿಗೆ ಬೀಗ, ಕುಡಿಯುವ ನೀರಿನ ಯಂತ್ರಕ್ಕೆ ಹಾರ, ಎರಡೂ ಮಂತ್ರಿಗಳು ಬಂದು ಹೋದ ದಿನದಿಂದ ಹಾಗೇ ಇದ್ದವು. ಆದರೂ ಜಾನಪದ ಉಡುಗೆಯ ದಿನ ಹುಡುಗಿಯರು ಅಜ್ಜಿಯಂದಿರ ಇಳಕಲ್ಲ ಸೀರೆ ಉಟ್ಟು, ಹುಡುಗರು ಎಲ್ಲಿಂದಲೋ ರುಮಾಲು ಸಂಪಾದಿಸಿ ಸುತ್ತಿಕೊಂಡು ಬಂದರೆ ಕನಕಪ್ಪ ಗೇಟಿನಲ್ಲಿ ನಿಂತು ನೋಡಿಯೇ ನೋಡುತ್ತಿದ್ದ. ಅವನ ಮಗಳು ಅಮೃತಾ ಅಲ್ಲೇ ಬಿ.ಎ. ಕೊನೆಯ ವರ್ಷದಲ್ಲಿದ್ದಳು.

ಕಟ್ಟಡ ಕಟ್ಟಿದ ಮೂರನೆಯ ಮಳೆಗೇ ಸೋರಿತು. ಗುತ್ತಿಗೆದಾರ ಯಾರು, ಸಿಮೆಂಟು ಎಷ್ಟು ತಿಂದ, ಅದೆಲ್ಲ ಊರಿಗೆ ಗೊತ್ತು, ಹೇಳಿ ಉಪಯೋಗವಿಲ್ಲ. ಎಲ್ಲಕ್ಕಿಂತ ಹೆಚ್ಚು ಸೋರುತ್ತಿದ್ದದ್ದು ಪಡಸಾಲೆಯ ತುದಿಯ ಮೂಲೆ ಕೋಣೆ. ಮಕ್ಕಳು ಕೊಡೆ ಹಿಡಿದು ಪಾಠ ಕೇಳಿದರು. ಮೇಲಿನವರಿಗೆ ಅರ್ಜಿಗಳು ಹೋದವು, ಹೋದಂತೆ ಹೋದವು. ಆಗ ಕನಕಪ್ಪ ಪ್ರಾಂಶುಪಾಲ ಗೋವಿಂದರಾಜ ಅವರ ಮುಂದೆ ಕೈ ಕಟ್ಟಿ ನಿಂತ.

"ನನಗೊಂದೀಟು ಬಿಡ್ರಿ ಸರ. ಸವಳು ಮಣ್ಣ ಹಾಕಿ ತುಳದು ಬಿಡ್ತೀನಿ. ಹನಿ ಬಿದ್ರ ನನ್ನ ಕೇಳ್ರಿ."

ಗೋವಿಂದರಾಜ ಬೇರೆ ಕಡೆಯಿಂದ ವರ್ಗವಾಗಿ ಬಂದ ಮೆದು ಮನುಷ್ಯ, ಯಾವ ಕೆಲಸವಾದರೂ ತನ್ನ ಸಹಿ ಇಲ್ಲದೆ ಆಗುವುದಾದರೆ ಅವರಿಗೆ ಸಂತೋಷ. "ನೋಡಪಾ, ನಿಮ್ಮ ಕಡೆ ಪದ್ಧತಿ ಹೆಂಗೈತೋ ಹಂಗ ಮಾಡು" ಎಂದರು. ಕನಕಪ್ಪ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಸ್ಲ್ಯಾಬಿನ ಮೇಲೆ ಹರವಿದ, ನೀರು ಚಿಮುಕಿಸಿದ, ತುಳಿದ. ಆ ವರ್ಷ ಮೂಲೆ ಕೋಣೆ ಸೋರಲಿಲ್ಲ. ಮುಂದಿನ ವರ್ಷ ಮತ್ತೆ ಹಾಕಿದ, ಅದರ ಮುಂದಿನ ವರ್ಷವೂ ಹಾಕಿದ, ಪದ್ಧತಿ ಇರುವುದೇ ಹಾಗಲ್ಲವೇ, ಪ್ರತಿ ವರ್ಷ ಒಂದು ಪದರ. ಊರಿನಲ್ಲಿ ಅವನಿಗೆ ಮಾಳಿಗಿ ಕನಕಪ್ಪ ಎಂದೇ ಹೆಸರು ಬಿತ್ತು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಪ್ರಾಂಶುಪಾಲರು ಅವನನ್ನು ಕರೆದು ಎಲ್ಲರಿಗೂ ತೋರಿಸಿದ ದಿನ ಅವನಿಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಒಬ್ಬರೇ ಒಬ್ಬರು ಪ್ರಶ್ನೆ ಕೇಳಿದ್ದರು. ಕನ್ನಡ ಕಲಿಸುವ ಅತಿಥಿ ಉಪನ್ಯಾಸಕಿ ನಾಹೀದಾ. ಕಿನ್ನಾಳದಿಂದ ದಿನಾ ಎರಡು ಬಸ್ಸು ಬದಲಿಸಿ ಬರುವ ಹೆಣ್ಣುಮಗಳು. ಮಕ್ಕಳ ಒಂದು ಉತ್ತರ ಪತ್ರಿಕೆ ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳುವವಳು. ಎಷ್ಟೋ ವರ್ಷಗಳಿಂದ ಅತಿಥಿ, ಪ್ರತಿ ಜೂನಿನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಅತಿಥಿ. ಆಕೆ ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಕೇಳಿದಳು:

"ಕನಕಪ್ಪಣ್ಣಾರ, ಮಣ್ಣ ಹಾಕೋದು ಕಟಗಿ ಮಾಳಗಿಗೆ ಅಲ್ಲೇನ್ರಿ? ಇದು ಸ್ಲ್ಯಾಬ್. ಭಾರ ತಡೀತೈತೇನ್ರಿ?"

"ಕಟಗಿನ ತಡಿಯೂವಾಗ ಕಬ್ಬಣ ತಡಿಯೂದಿಲ್ಲೇನ್ರಿ ಮೇಡಮ್ಮಾರ" ಎಂದು ಕನಕಪ್ಪ ನಕ್ಕ. ಆಕೆಯೂ ನಕ್ಕಳು. ಮಾತು ಅಲ್ಲಿಗೇ ನಿಂತಿತು. ಹಳೆಯ ಮಾಳಿಗೆಯ ತೊಲೆ ಸೋತರೆ ಮೊದಲು ಬಾಗುತ್ತದೆ, ಕಿರುಗುಟ್ಟುತ್ತದೆ, ಮನೆಯವರು ಕೆಳಗೆ ಒಂದು ಬೋದು, ಅಂದರೆ ಆಸರೆಯ ಕಂಬ, ಕೊಟ್ಟು ನಿಲ್ಲಿಸುವ ತನಕ ಕಾಯುತ್ತದೆ. ಕಾಂಕ್ರೀಟಿಗೆ ಅಷ್ಟು ಮರ್ಯಾದೆ ಇಲ್ಲ ಎನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು?

ಈ ಬೇಸಿಗೆಯಲ್ಲಿ ಮೂಲೆ ಕೋಣೆಯ ಬಾಗಿಲು ಹಿಡಿಯತೊಡಗಿತು. ಮೊದಮೊದಲು ಕನಕಪ್ಪ ಬಡಿಗನನ್ನು ಕರೆಸಿ ಬಾಗಿಲಿನ ಮೇಲಂಚು ಕೆತ್ತಿಸಿದ. ವಾರದೊಳಗೆ ಮತ್ತೆ ಹಿಡಿಯಿತು. ಬೆಳಿಗ್ಗೆ ಬೆಂಚು ಒರೆಸುವಾಗ ಸಣ್ಣ ಬೂದು ಪುಡಿ ಕೈಗೆ ಹತ್ತುತ್ತಿತ್ತು, ಒರೆಸಿದರೆ ಮರುದಿನ ಮತ್ತೆ ಅದೇ. ಹುಡುಗಿಯರು ಕತ್ತೆತ್ತಿ ನೋಡಿ, ಮೇಲಿನ ಸ್ಲ್ಯಾಬಿಗೆ ಹೊಟ್ಟೆ ಬಂದಿದೆ, ಸೀಮಂತ ಯಾವಾಗ ಮಾಡೋಣ ಎಂದು ನಗುತ್ತಿದ್ದರು. ಎಲ್ಲಕ್ಕಿಂತ ಜೋರಾಗಿ ನಗುತ್ತಿದ್ದವಳು ಅಮೃತಾಳ ಗೆಳತಿ ಮುಬಾಶಿರಾ. ಕನಕಪ್ಪನೂ ಅವರೊಂದಿಗೆ ಕತ್ತೆತ್ತಿ ನೋಡಿದ. ನಿಜವಾಗಿಯೂ ನಡುವೆ ಇಳಿಬಿದ್ದಿತ್ತು. ಆ ದಿನದಿಂದ ಅವನು ಆ ಕೋಣೆಗೆ ಹೋದಾಗಲೆಲ್ಲ ಮೊದಲು ಮೇಲೆ ನೋಡುತ್ತಿದ್ದ.

ಹೇಳಿಬಿಡಬಹುದಿತ್ತು. ಪ್ರಾಂಶುಪಾಲರ ಕೋಣೆ ನಾಲ್ಕು ಹೆಜ್ಜೆ ದೂರ. ಆದರೆ ಏನೆಂದು ಹೇಳುವುದು? ನಾನು ಹಾಕಿದ ಮಣ್ಣೇ ಮಕ್ಕಳ ತಲೆಯ ಮೇಲೆ ಕುಳಿತಿದೆ ಎಂದೇ? ಜೀವನದಲ್ಲಿ ಅವನಿಗೆ ಸಿಕ್ಕ ಒಂದೇ ಒಂದು ಹೆಸರು ಆ ಮಣ್ಣಿನಿಂದ ಸಿಕ್ಕಿದ್ದು. ಯಾರಿಗೂ ತಿಳಿಯದಂತೆ ತಾನೇ ಹಾಕಿದ್ದನ್ನು ತಾನೇ ತೆಗೆದುಬಿಡೋಣ ಎಂದು ತೀರ್ಮಾನಿಸಿದ. ಕನಕಪ್ಪನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ. ಮಣ್ಣು ಹಾಕಿದ್ದಕ್ಕಲ್ಲ, ಗುಟ್ಟಾಗಿ ತೆಗೆಯಹೋದದ್ದಕ್ಕೆ.

ಪರೀಕ್ಷೆ ಸೋಮವಾರ. ಭಾನುವಾರ ಬೆಳಿಗ್ಗೆ ಸಲಿಕೆ ಬುಟ್ಟಿ ತೆಗೆದುಕೊಂಡು ಮೇಲೆ ಹತ್ತಿದ. ವರ್ಷಗಳ ಮಣ್ಣು ಬಿಗಿದು ಕಲ್ಲಾಗಿತ್ತು. ಅಂಚಿನಿಂದ ಕೆರೆದು ಕೆರೆದು ಒಳಗೆ ಎಳೆದ. ಕಣದಲ್ಲಿ ಬೆಳೆದವನ ಕೈ ಅದು. ಕಣದಲ್ಲಿ ಯಾರೂ ಅಂಚಿಗೆ ರಾಶಿ ಮಾಡುವುದಿಲ್ಲ, ಸುತ್ತಲಿಂದ ಬಳಿದು ನಡುವೆ ಒಟ್ಟುತ್ತಾರೆ, ಆಮೇಲೆ ಬುಟ್ಟಿ ತುಂಬುತ್ತಾರೆ. ಕನಕಪ್ಪನೂ ಹಾಗೇ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಸ್ಲ್ಯಾಬಿನ ಅಂಚೆಲ್ಲ ಬರಿದಾಗಿ, ಮಣ್ಣೆಲ್ಲ ನಟ್ಟನಡುವೆ, ಹೊಟ್ಟೆ ಬಂದ ಜಾಗದ ಮೇಲೆಯೇ, ಗುಡ್ಡೆಯಾಗಿ ನಿಂತಿತು. ಕೆಲವು ಬುಟ್ಟಿ ಕೆಳಗೆ ಇಳಿಸುವಷ್ಟರಲ್ಲಿ ಸೊಂಟ ಹಿಡಿಯಿತು. ಉಳಿದದ್ದು ನಾಳೆ ಪರೀಕ್ಷೆ ಮುಗಿದ ಮೇಲೆ ಎಂದುಕೊಂಡು ಮನೆಗೆ ಹೋದ. ಸಂಜೆ ಗುಡ್ಡದ ಹಿಂದಿನಿಂದ ಕಪ್ಪಗೆ ಮೋಡ ಎದ್ದು ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಹೊಡೆಯಿತು. ಆ ಗುಡ್ಡೆ ನೀರು ಕುಡಿಯುತ್ತಿರುವುದು ಮನೆಯಲ್ಲಿ ಕುಳಿತ ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಮುದುಕವ್ವ ಎರಡು ಸಲ ರೊಟ್ಟಿ ಬಿಸಿ ಮಾಡಿ ಇಟ್ಟಳು.

ಸೋಮವಾರ ಮೂಲೆ ಕೋಣೆಯ ಬಾಗಿಲು ಭುಜ ಕೊಟ್ಟು ನೂಕಿದರೂ ಅಲ್ಲಾಡಲಿಲ್ಲ. ಒದ್ದು ತೆಗೆದ. ಫ್ಯಾನಿನ ಸರಳಿನ ಗುಂಟ ತುಕ್ಕಿನ ಕೆಂಪು ನೀರು ಇಳಿದು ನೆಲದಲ್ಲಿ ನಿಂತಿತ್ತು. ಓಡಿ ಪ್ರಾಂಶುಪಾಲರ ಹತ್ತಿರ ಹೋದ.

"ಸರ, ಇವತ್ತ ಮೂಲಿ ಕೋಣಿ ಬ್ಯಾಡ್ರಿ."

"ಯಾಕೋ? ಏನಾತು?"

ಹೇಳಬೇಕಾದ ಮಾತು ಬಾಯಿಯ ತನಕ ಬಂತು. ಬಂದು ಬೇರೆಯಾಗಿ ಹೊರಬಿತ್ತು. "ಸೋರಾಕ್ಹತ್ತೈತ್ರಿ."

"ಸೋರಿದ್ರ ಬಕೀಟ ಇಡು. ನಂಬರ್ ಹಚ್ಚಿ ಮುಗದೈತಿ, ಉಳದ ಕೋಣಿ ಎಲ್ಲಾ ತುಂಬ್ಯಾವು. ಸೋರೂದು ನಿಂದ್ರಸಾಂವ ನೀನ ಬಂದು ಹಿಂಗಂದ್ರ ಹೆಂಗಪಾ?" ಎಂದು ಗೋವಿಂದರಾಜ ನಕ್ಕು ಪ್ರಶ್ನೆಪತ್ರಿಕೆಯ ಮುದ್ರೆ ಒಡೆಯಲು ಹೋದರು.

ಕನಕಪ್ಪ ಬಕೀಟು ಇಟ್ಟ. ಮಕ್ಕಳು ಬಂದು ಕುಳಿತರು. ಅಮೃತಾ ಕಿಟಕಿಯ ಪಕ್ಕ, ಮುಬಾಶಿರಾ ಅವಳ ಹಿಂದೆ. ಮೇಲ್ವಿಚಾರಣೆಗೆ ನಾಹೀದಾ. ಗಂಟೆ ಹೊಡೆದು ಬಂದು ಪಡಸಾಲೆಯಲ್ಲಿ ನಿಂತ ಕನಕಪ್ಪನಿಗೆ ಒಳಗೆ ಕಾಗದದ ಮೇಲೆ ಪೆನ್ನು ಓಡುವ ಸದ್ದು, ಬಕೀಟಿಗೆ ಹನಿ ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ ಇನ್ನೊಂದು ಸದ್ದು ಕೇಳಿಸಿತು. ಒಣ ಕಟ್ಟಿಗೆ ಮುರಿದಂತೆ, ಒಂದೇ ಸಲ, ಮೇಲಿನಿಂದ. ಒಳಗಿದ್ದ ಯಾರೂ ತಲೆ ಎತ್ತಲಿಲ್ಲ, ಬರೆಯುವವರಿಗೆ ಪ್ರಶ್ನೆಪತ್ರಿಕೆಯ ಮುಂದೆ ಬೇರೇನೂ ಕೇಳುವುದಿಲ್ಲ.

ಆಗ ಅವನು ಮಾಡಿದ ಕೆಲಸವನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಆದರೆ ಮಕ್ಕಳಿದ್ದವರು ಯಾರೂ ಅವನ ಮೇಲೆ ತಟ್ಟನೆ ಕಲ್ಲು ಎತ್ತಲಾರರು. ಬಾಗಿಲಲ್ಲಿ ನಿಂತು, "ಮೇಡಮ್ಮಾರ, ನಮ್ಮ ಅಮೃತಾನ ಕಳಸ್ರಿ. ನಮ್ಮವ್ವ ತೀರಿಕೊಂಡ್ಲು" ಎಂದ.

ನಾಹೀದಾ ಎದ್ದು ಬಂದು ಅಮೃತಾಳ ಬೆನ್ನ ಮೇಲೆ ಕೈ ಇಟ್ಟಳು. "ಹೋಗವ್ವಾ. ನಿನ್ನ ಪೇಪರ ನಾ ನೋಡ್ಕೋತೀನಿ, ಕಾಳಜಿ ಮಾಡಬ್ಯಾಡ."

ಅಮೃತಾ ಅಳುತ್ತ ಹೊರಗೆ ಬಂದಳು. ಅಪ್ಪ ಅವಳ ರಟ್ಟೆ ಹಿಡಿದು ಎಳೆಯುವ ರೀತಿ ನೋಡಿ ಅಂಗಳದ ಬೇವಿನ ಮರದ ಹತ್ತಿರ ನಿಂತುಬಿಟ್ಟಳು.

"ಯಪ್ಪಾ, ಆಯಿ ಈಗರ ನನ್ನ ಹೆರಳ ಹಾಕಿ ಕಳಿಸ್ಯಾಳ. ಖರೇ ಹೇಳು."

"ಆಯಿ ಆರಾಮ ಅದಾಳ" ಎಂದ ಕನಕಪ್ಪ. "ಸ್ಲ್ಯಾಬ ಬೀಳತೈತಿ ಯವ್ವಾ. ಮಣ್ಣೆಲ್ಲಾ ನಡುವ ಒಟ್ಟೀನಿ, ತೊಯ್ದೈತಿ. ನೀ ಮೊದ್ಲ ಈ ಕಡೆ ಬಾ."

"ಒಳಗ ಮುಬಾಶಿರಾ ಅದಾಳ. ಎಲ್ಲಾರೂ ಅದಾರ."

"ನೀ ಬಾ."

ಅಮೃತಾ ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದಳು. ಅಂಥ ನೋಟವನ್ನು ಯಾವ ಮಗಳೂ ಅಪ್ಪನ ಮೇಲೆ ಇಡಬಾರದು. ಕೈ ಕೊಸರಿಕೊಂಡು ತಿರುಗಿ ಓಡಿ, ಮೂಲೆ ಕೋಣೆಯ ಬಾಗಿಲಲ್ಲಿ ನಿಂತು, ಅಪ್ಪನ ಬಾಯಿಂದ ಬೆಳಿಗ್ಗೆ ಹೊರಬೀಳದ ಮಾತನ್ನು ಅವಳು ಹೇಳಿದಳು.

"ಎಲ್ಲಾರೂ ಹೊರಗ ಬರ್ರಿ. ಆಯಿ ಸತ್ತಿಲ್ಲ, ಮಾಳಗಿ ಬೀಳತೈತಿ. ನಮ್ಮಪ್ಪ ಮ್ಯಾಲ ಮಣ್ಣಿನ ಗುಡ್ಡಿ ಹಾಕ್ಯಾನ."

ನಾಹೀದಾ ಕತ್ತೆತ್ತಿ ನೋಡಿದಳು. "ಪೇಪರ ಅಲ್ಲೇ ಬಿಡ್ರಿ, ಮೊದ್ಲ ಹೊರಗ ನಡೀರಿ" ಎಂದು ಒಬ್ಬೊಬ್ಬರನ್ನೂ ದಾಟಿಸಿ, ಕೊನೆಗೆ ತಾನು ಬಂದು ಬಾಗಿಲ ಮುಂದೆ ನಿಂತಳು.

ಅಂಗಳದಲ್ಲಿ ಮಕ್ಕಳು ಗುಂಪಾಗಿ ನಿಂತರು. ಎಲ್ಲರೂ ಮೂಲೆ ಕೋಣೆಯನ್ನೇ ನೋಡುತ್ತಿದ್ದರು. ಏನೂ ಆಗಲಿಲ್ಲ. ಸ್ಲ್ಯಾಬು ಇದ್ದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಯಾರೋ ಕಿಸಕ್ಕನೆ ನಕ್ಕರು. ಒಬ್ಬ ಹುಡುಗ, ಓದದವರ ಪಾಲಿಗೆ ಕನಕಪ್ಪಣ್ಣ ದೇವರಾಗಿ ಬಂದ ಎಂದ. ಪ್ರಾಂಶುಪಾಲರು ಓಡಿ ಬಂದರು, ಅವರ ಮುಖ ಬಿಳಿಚಿತ್ತು. ಸ್ಲ್ಯಾಬಿನ ಹೆದರಿಕೆಗಲ್ಲ, ವಿಶ್ವವಿದ್ಯಾಲಯದ ಹೆದರಿಕೆಗೆ.

"ನಡು ಪರೀಕ್ಷಾದಾಗ ಮಕ್ಕಳನ್ನ ಹೊರಗ ತಂದೀಯಲ್ಲೋ! ಪೇಪರ ಒಳಗ ಬಿಟ್ಟು! ತಾಯಿ ಸತ್ತಳಂತ ಸುಳ್ಳ ಬ್ಯಾರೆ ಹೇಳ್ತಿ? ಎಲ್ಲಿ ಬಿದ್ದೈತಿ? ತೋರಿಸು, ಎಲ್ಲಿ ಬಿದ್ದೈತಿ?"

ಕನಕಪ್ಪನ ಬಳಿ ತೋರಿಸಲು ಏನೂ ಇರಲಿಲ್ಲ. ಮಕ್ಕಳೆಲ್ಲ ಅವನನ್ನು ನೋಡುತ್ತಿದ್ದರು. ಅಮೃತಾ ನೆಲ ನೋಡುತ್ತಿದ್ದಳು. ಊರೆಲ್ಲ ಇನ್ನು ಏನೆಂದು ಕರೆಯುತ್ತದೆ ಎಂಬುದು ಅವನಿಗೆ ಕೇಳಿಸುತ್ತಿತ್ತು, ಬದುಕಿದ್ದ ತಾಯಿಯನ್ನು ಸಾಯಿಸಿದವನು, ಮಗಳೊಬ್ಬಳನ್ನೇ ಹೊರಗೆ ತಂದವನು. ಬೇವಿನ ಮರಕ್ಕೆ ಬೆನ್ನು ಕೊಟ್ಟು ಅವನು ಕಣ್ಣು ಮುಚ್ಚಿ ಕೈ ಮುಗಿದ. ಮನೆದೇವರನ್ನು ನೆನೆದ. ಬೀಳಲಿ ಎಂದು ಬೇಡಿಕೊಂಡ. ಕೋಣೆ ಖಾಲಿ ಇದೆ, ಒಂದು ಸಲ ಬಿದ್ದುಬಿಡಲಿ, ನಾನು ಹೇಳಿದ್ದು ಖರೆ ಎಂದಾಗಲಿ, ಬೀಳು ತಾಯಿ, ಬೀಳು. ಅಷ್ಟು ಭಕ್ತಿಯಿಂದ ಅವನು ಜೀವನದಲ್ಲಿ ಏನನ್ನೂ ಬೇಡಿರಲಿಲ್ಲ.

ಆ ಕಡೆ ಪ್ರಾಂಶುಪಾಲರು ಉತ್ತರ ಪತ್ರಿಕೆಗಳನ್ನು ತಂದು ಪಡಸಾಲೆಯಲ್ಲೇ ಪರೀಕ್ಷೆ ಮುಂದುವರಿಸೋಣ ಎಂದರು. ಯಾರು ತರಬೇಕು ಎಂಬ ಪ್ರಶ್ನೆಯೇ ಬರಲಿಲ್ಲ. "ನನ್ನ ಕೋಣಿರಿ ಸರ, ನಾನ ತರತೀನಿ" ಎಂದಳು ನಾಹೀದಾ. ಕನಕಪ್ಪನಿಗೆ ಈ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಬರಲು ತಡವಾಯಿತು. ಕಣ್ಣು ತೆರೆದಾಗ ಆಕೆಯ ದುಪಟ್ಟಾದ ಅಂಚು ಬಾಗಿಲೊಳಗೆ ಸರಿಯುತ್ತಿತ್ತು.

"ಮೇಡಮ್ಮಾರ" ಎಂದ. ಅಷ್ಟೇ ಅನ್ನಲು ಆದದ್ದು.

ದೊಡ್ಡ ಸದ್ದೇನೂ ಆಗಲಿಲ್ಲ ಎಂದು ಅಂದು ಅಲ್ಲಿದ್ದವರು ಈಗಲೂ ಹೇಳುತ್ತಾರೆ. ಮಣ್ಣು ಸುರಿದಂತೆ ಒಂದು ಸದ್ದು, ಆಮೇಲೆ ಬಾಗಿಲಿನಿಂದ ಬಿಳಿಯ ಧೂಳು. ಕನಕಪ್ಪ ಬರಿಗೈಯಲ್ಲಿ ಬಗೆದ. ರಾತ್ರಿ ಪಾಳಿಯ ಹುಡುಗರು ಬಗೆದರು. ಹೊರಗೆ ತಂದಾಗ ನಾಹೀದಾಳ ಎದೆಯ ಕೆಳಗೆ ಉತ್ತರ ಪತ್ರಿಕೆಗಳು ಒಂದೂ ಹರಿಯದೆ ಇದ್ದವು.

ಆಮೇಲೆ ಬರಬೇಕಾದವರೆಲ್ಲ ಬಂದರು. ಸವಳು ಮಣ್ಣಿನ ಉಪ್ಪು ಕಬ್ಬಿಣವನ್ನು ಒಳಗಿಂದಲೇ ತಿಂದಿದೆ ಎಂದು ಒಬ್ಬ ಎಂಜಿನಿಯರ್ ಸರಳೊಂದನ್ನು ಕೈಯಲ್ಲೇ ಮುರಿದು ತೋರಿಸಿದ. ಕನಕಪ್ಪ ಈ ಸಲ ಏನನ್ನೂ ಬಚ್ಚಿಡಲಿಲ್ಲ. ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ, ಮಣ್ಣು ನಾನು ಹಾಕಿದ್ದು, ಗುಡ್ಡೆ ನಾನು ಒಟ್ಟಿದ್ದು, ಬೆಳಿಗ್ಗೆ ಹೇಳಬೇಕಾದದ್ದನ್ನು ಹೇಳದವನು ನಾನು. ಖಾಕಿ ಅಂಗಿ ಹೋಯಿತು, ಕೇಸು ನಡೆದಿದೆ. ಮಕ್ಕಳಿಗೆ ಈಗ ಸಂತೆ ಪೇಟೆಯ ತಗಡಿನ ಶೆಡ್ಡಿನಲ್ಲಿ ಪಾಠ. ಅಮೃತಾ ಅಪ್ಪನ ಜೊತೆ ಮಾತಾಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ, ಅದಕ್ಕಿಂತ ಹೆಚ್ಚಿಲ್ಲ.

ನಾಹೀದಾಳ ನಲವತ್ತನೆಯ ದಿನದ ಕಾರ್ಯ ಮುಗಿದ ಮೇಲೆ ಒಂದು ದಿನ ಕನಕಪ್ಪ ಕಿನ್ನಾಳಕ್ಕೆ ಹೋದ. ನಾಹೀದಾಳ ತಾಯಿ ಹಜರತಬೀ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಬೈಯಲಿ, ಚಪ್ಪಲಿ ತೆಗೆದುಕೊಳ್ಳಲಿ ಎಂದೇ ಅವನು ಹೋಗಿದ್ದ. ಹೊಸ್ತಿಲ ಹೊರಗೇ ಕುಳಿತು ಮಣ್ಣಿನ ವಿಷಯವೆಲ್ಲ ಹೇಳಿದ. ಮುದುಕಿ ಕೊನೆಯ ತನಕ ಕೇಳಿ, ಒಳಗೆ ಹೋಗಿ ಚಹಾ ತಂದು ಮುಂದೆ ಇಟ್ಟಳು.

"ತಿಳೀಲಾರದ ಮಾಡೀದಿ ತಮ್ಮಾ. ನಿನ್ನ ಮಗಳನ್ನೂ ಅದರ ಕೆಳಗ ಕುಂದ್ರಿಸಿದ್ದಿ. ಮತ್ತ ಪೇಪರ ಬಿಟ್ಟು ಬಾ ಅಂದ್ರ ನಮ್ಮಕಿ ಯಾರ ಮಾತೂ ಕೇಳಾಕಿ ಅಲ್ಲ."

ಕನಕಪ್ಪ ಬಟ್ಟಲನ್ನು ಮುಟ್ಟಲಿಲ್ಲ.

"ಒಂದ ಕೇಳ್ತೀನಿ" ಎಂದಳು ಹಜರತಬೀ. "ಅಕಿ ಒಳಗ ಹೋಗೂ ಮುಂದ ನೀ ಅಲ್ಲೇ ಗಿಡದ ಕೆಳಗ ನಿಂತಿದ್ದೆಂತ ಹುಡುಗೂರು ಹೇಳಿದ್ರು. ಕಣ್ಣ ಮುಚ್ಚಿದ್ದೆಂತ. ಏನ ಮಾಡಾಕ್ಹತ್ತಿದ್ದಿ?"

ಎಲ್ಲವನ್ನೂ ಹೇಳಿದ ಬಾಯಿಗೆ ಇದೊಂದು ಉಳಿದಿತ್ತು.

"ದೇವರನ್ನ ಬೇಡ್ಕೊಳ್ಳಾಕ್ಹತ್ತಿದ್ದೆ ಅಮ್ಮಾ."

ಹಜರತಬೀಯ ಕಣ್ಣು ತುಂಬಿದವು. ಮುಂದೆ ಸರಿದು ಅವನ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು.

"ನನ್ನ ಮಗಳ ಸಲುವಾಗಿ ನೀನರ ಬೇಡ್ಕೊಂಡ್ಯಲ್ಲ ತಮ್ಮಾ" ಎಂದಳು. "ಅಷ್ಟ ಸಾಕು ನನಗ."